ಕುಡಿದ ರಾತ್ರಿಯೂ ಉಂಗುರ ಹಾಕಿಕೋ

ಚಿ. ಸುಹಾಸನಿಗೆ ಶಿವಮೊಗ್ಗದಿಂದ ಅತ್ತೆಯ ಆಶೀರ್ವಾದಗಳು.

ನಿನ್ನ ಮೇಲ್ ಅನ್ನು ಅಕ್ಷರ ದೊಡ್ಡದು ಮಾಡಿಕೊಂಡು ಓದಿದೆ. ಅಪ್ಪನ ಮಂಡಿ, ಮನೆ ಸಾಲ, ಅನುಷಾಳ ಹೊಸ ಕೆಲಸ, ಇವೆಲ್ಲ ನನಗೆ ಗೊತ್ತಿರುವುದೇ. ಅದಕ್ಕೆ ಇಲ್ಲಿ ಉತ್ತರ ಬರೆಯಲ್ಲ. ಕೊನೆಯಲ್ಲಿ ನಗುವ ಮುಖ ಹಾಕಿ ಒಂದು ಸಾಲು ಬರೆದಿದ್ದೀಯಲ್ಲ, ನನ್ನ ತಲೆಯಲ್ಲಿ ಕೂತಿರುವುದು ಅದೊಂದೇ. "ಈಗೀಗ ಕುಡಿಯೋ ದಿನ ಉಂಗುರ ತೆಗೆದು ಚಾರ್ಜಿಗೆ ಹಾಕಿಬಿಡ್ತೀನಿ ಅತ್ತೆ, ಬೆಳಗ್ಗೆ ಅದರ ಹತ್ರ ಬೈಸಿಕೊಳ್ಳೋದು ತಪ್ಪುತ್ತೆ."

ನನಗೆ ನಗು ಬರಲಿಲ್ಲ ಮಾರಾಯ.

ಕುಡಿಯಬೇಡ ಅಂತ ಭಾಷಣ ಮಾಡಲು ಕೂತಿಲ್ಲ. ಅದನ್ನು ನಿನ್ನಮ್ಮ ಸಾಕಷ್ಟು ಮಾಡಿದ್ದಾಳೆ. ರಾತ್ರಿಯಿಡೀ ನಾಡಿ, ನಿದ್ದೆ ಅಳೆದು ಫೋನಿಗೆ ಕಳಿಸುವ ಆ ಉಂಗುರವನ್ನು ಯಾಕೆ ತೆಗೆಯುತ್ತೀಯ, ಅಷ್ಟೇ ನನ್ನ ಪ್ರಶ್ನೆ.

ದೀಪಾವಳಿಗೆ ಬಂದಾಗ ನೀನೇ ಫೋನು ತೆಗೆದು ತೋರಿಸಿದ್ದೆ. ಕುಡಿಯದ ರಾತ್ರಿ ನಿನ್ನ ನಾಡಿ 54ಕ್ಕೆ ಇಳಿದಿತ್ತು. ಎರಡು ಲಾರ್ಜ್ ಹಾಕಿದ ರಾತ್ರಿ ಬೆಳಗಿನ ಜಾವದವರೆಗೂ 68ರ ಕೆಳಗೆ ಬಂದೇ ಇರಲಿಲ್ಲ. "ನೋಡಿ ಅತ್ತೆ, ನಾನು ಮಲಗಿದ್ರೂ ಇದು ಓಡ್ತಾನೇ ಇದೆ" ಅಂದೆ. ನನ್ನ ಹಾಗೆ ನರ್ಸಾಗಿ ಗಂಡಸರ ವಾರ್ಡಿನಲ್ಲಿ ನೈಟ್ ಡ್ಯೂಟಿ ಮಾಡಿದವರಿಗೆ ಇದೇನೂ ಹೊಸದಲ್ಲ. ಮದ್ಯ ಮೊದಲು ಮಂಪರು ತರಿಸುತ್ತದೆ, ಬೇಗ ನಿದ್ದೆ ಹತ್ತುತ್ತದೆ. ಅದು ಇಳಿಯುತ್ತಾ ಬಂದ ಹಾಗೆ ಮನುಷ್ಯ ಹೊರಳಾಡಲು ಶುರು. ಬಾಯಿ ಒಣಗುತ್ತದೆ, ಒಂದೆರಡು ಸಲ ಏಳಬೇಕಾಗುತ್ತದೆ, ಗೊರಕೆ ಜಾಸ್ತಿ, ಕನಸು ಬೀಳುವ ನಿದ್ದೆ ಕಡಿಮೆ. ನಾವು ಮಣಿಕಟ್ಟು ಹಿಡಿದು ನಾಡಿ ಎಣಿಸಿ, ಜ್ವರ, ನಾಡಿ, ಉಸಿರು ಬರೆಯುವ ಟಿಪಿಆರ್ ಚಾರ್ಟಿಗೆ ಹಾಕುತ್ತಿದ್ದೆವು. ನಿನ್ನ ಉಂಗುರ ಬೆರಳಿಗೆ ಬೆಳಕು ಹಾಯಿಸಿ ಎಣಿಸುತ್ತದೆ. ಕೋವಿಡ್ ಕಾಲದಲ್ಲಿ ಎಲ್ಲರ ಮನೆಗೂ ಬಂತಲ್ಲ ಆಕ್ಸಿಮೀಟರ್, ಅದರದೇ ಜಾತಿ.

ಅವತ್ತು ನನಗೆ ಖುಷಿಯೇ ಆಗಿತ್ತು. ಯಾರ ಮಾತಿಗೂ ಬಗ್ಗದ ನೀನು ಆ ಅಂಕಿಗೆ ಬಗ್ಗಿದ್ದೆ. ವಾರದ ದಿನಗಳಲ್ಲಿ ಪೂರ್ತಿ ಬಿಟ್ಟೆ. ಆಮೇಲೆ ಹೊತ್ತು ಹಿಂದಕ್ಕೆ ತಂದೆ. ರಾತ್ರಿ ಹತ್ತಕ್ಕೆ ಕುಡಿಯುತ್ತಿದ್ದವನು ಸಂಜೆ ಆರಕ್ಕೇ ಮುಗಿಸಿದರೆ ಮಲಗುವ ಹೊತ್ತಿಗೆ ಇಳಿದಿರುತ್ತದೆ, ಉಂಗುರ ಕೊಡುವ ನಿದ್ದೆಯ ಸ್ಕೋರ್ ಕೆಡಲ್ಲ ಅಂದೆ. ಆ ಲೆಕ್ಕ ಒಂದು ಮಟ್ಟಿಗೆ ಸರಿ. ನಮ್ಮ ವಿಸ್ಕಿ ಬಾಟಲಿಯ ಮೇಲೆ 42.8 ಪರ್ಸೆಂಟ್ ಅಂತ ಇರುತ್ತದಲ್ಲ, ಅದರ 30 ಎಂಎಲ್ ಸ್ಮಾಲ್‌ನಲ್ಲಿ ಸುಮಾರು 10 ಗ್ರಾಂ ಆಲ್ಕೋಹಾಲ್. ದೇಹಕ್ಕೆ ಅಷ್ಟನ್ನು ಕಳೆಯಲು ಹೆಚ್ಚುಕಡಿಮೆ ಒಂದು ಗಂಟೆ ಬೇಕು, ಕೆಲವರಿಗೆ ಇನ್ನೂ ಜಾಸ್ತಿ. ಎರಡು ಲಾರ್ಜ್ ಅಂದರೆ ನಾಲ್ಕು ಸ್ಮಾಲ್, ಅಂದರೆ ನಾಲ್ಕು ಗಂಟೆ, ಅದರ ಮೇಲೂ ಹೋಗಬಹುದು. ಬಿಯರ್ ಆದರೆ ಹಗುರ ಅಂತ ನೀನು ಹೇಳುತ್ತಿರುತ್ತೀಯ. 650 ಎಂಎಲ್ ಸ್ಟ್ರಾಂಗ್ ಬಾಟಲಿಯ ಮೇಲೆ 8 ಪರ್ಸೆಂಟ್ ಅಂತ ಇದ್ದರೆ ಅದೊಂದರಲ್ಲೇ ನಾಲ್ಕು ಸ್ಮಾಲ್ ಇದೆ. ಲೇಬಲ್ ಓದು. ಆದರೆ ಹೊತ್ತು ಬದಲಾಯಿಸಿದ್ದರಿಂದ ಸಮಾಧಾನ ಆಗುವುದು ಉಂಗುರಕ್ಕೆ ಮಾತ್ರ. ಲಿವರ್‌ಗೆ ಆರು ಗಂಟೆಯ 40 ಗ್ರಾಮೂ ಒಂದೇ, ಹತ್ತು ಗಂಟೆಯ 40 ಗ್ರಾಮೂ ಒಂದೇ.

ಅಲ್ಲಿವರೆಗೂ ನಾನು ಹೆದರಿರಲಿಲ್ಲ. ಈಗ ತೆಗೆದೇ ಇಡುತ್ತಿದ್ದೀಯ.

ಆ ಫೋನು ನಿನ್ನದು, ಪಾಸ್‌ವರ್ಡ್ ನಿನ್ನದು. ಅನುಷಾ ಕೂಡ ಅದನ್ನು ನೋಡಲ್ಲ ಅಂತ ನೀನೇ ಹೇಳಿದ್ದೆ. ಹಾಗಿದ್ದರೆ ಯಾರಿಂದ ಮುಚ್ಚಿಡುತ್ತಿದ್ದೀಯೋ? ಅಮ್ಮನಿಂದ ಮುಚ್ಚಿಟ್ಟರೆ ಅರ್ಥವಾಗುತ್ತದೆ. ಹೆಂಡತಿಯಿಂದ ಮುಚ್ಚಿಟ್ಟರೂ, ತಪ್ಪೇ ಆದರೂ, ಅರ್ಥವಾಗುತ್ತದೆ. ಇದು ಯಾರಿಗೆ?

ನಿನ್ನ ಮಾವನ ಕೊನೆಯ ವರ್ಷಗಳನ್ನು ಇಡೀ ಮನೆ ನೋಡಿದೆ, ಅದನ್ನು ಎತ್ತಲ್ಲ. ಅದಕ್ಕೂ ಮುಂಚಿನದು ಒಂದಿದೆ. ಅವರಿಗೆ ಬಿಪಿ ಬಂದಮೇಲೆ ದಿನಾ ಬೆಳಗ್ಗೆ ಕಾಫಿಗೆ ಮುಂಚೆ ನಾನೇ ನೋಡುತ್ತಿದ್ದೆ. ಆಗ ಪಾದರಸದ ಮೆಷಿನ್. ತೋಳಿಗೆ ಪಟ್ಟಿ ಸುತ್ತಿ, ಸ್ಟೆತಸ್ಕೋಪ್ ಇಟ್ಟು ನೋಡಬೇಕು. ನಾನು ಹೇಳಿದ್ದನ್ನು ಅವರು ಗೆರೆ ಎಳೆದ ನೋಟ್‌ಬುಕ್ಕಿನಲ್ಲಿ ತಾರೀಖು ಹಾಕಿ ಬರೆದುಕೊಳ್ಳುತ್ತಿದ್ದರು. ಗುಂಡಗಿನ ಅಕ್ಷರ, ಆಫೀಸಿನ ಲೆಡ್ಜರ್ ಬರೆದ ಕೈ ಅಲ್ವಾ. ಕೆಲವು ಬೆಳಗ್ಗೆ ಮಾತ್ರ ತೋಳು ಕೊಡುತ್ತಿರಲಿಲ್ಲ. "ಇವತ್ತು ಹೊತ್ತಾಯ್ತು, ನಾಳೆ ನೋಡು" ಅಂತ ಮಡಿಸಿದ ಶರ್ಟಿನ ತೋಳನ್ನು ಇಳಿಸಿ, ಗುಂಡಿ ಹಾಕಿಕೊಂಡು ಎದ್ದುಬಿಡುತ್ತಿದ್ದರು. ಬಾಯಲ್ಲಿ ಏಲಕ್ಕಿ. ಯಾವ ಬೆಳಗ್ಗೆ ಅಂತ ನಿನಗೆ ಬಿಡಿಸಿ ಹೇಳಬೇಕಾಗಿಲ್ಲ.

ಆ ಪುಸ್ತಕ ನೋಡಿದವರಿಗೆ ಎಲ್ಲ ಚೆಂದ. 130/84, 128/82, 132/84. ಎಲ್ಲ ಒಳ್ಳೆಯ ದಿನಗಳದ್ದೇ. ಡಾಕ್ಟರು ಪುಟ ತಿರುವಿ "ಕಂಟ್ರೋಲಿನಲ್ಲಿದೆ ರಾಯರೇ" ಅಂದರು, ಅದೇ ಮಾತ್ರೆ ಮುಂದುವರಿಸಿ ಅಂದರು. ಪಕ್ಕದ ಕುರ್ಚಿಯಲ್ಲಿ ನಾನಿದ್ದೆ. ಭಾನುವಾರದ ತಾರೀಖುಗಳು ಹಾರಿದ್ದು ನನಗೆ ಕಾಣುತ್ತಿತ್ತು. ವಾರ್ಡಿನಲ್ಲಿ ಚಾರ್ಟಿನ ಒಂದು ಮನೆ ಖಾಲಿ ಬಿಟ್ಟರೆ ಹೊಸ ಹುಡುಗಿಯರ ಮೇಲೆ ರೇಗುತ್ತಿದ್ದವಳು ನಾನು. ಅವತ್ತು ಮಾತಾಡಲಿಲ್ಲ. ಹೊರಗಿನವರ ಮುಂದೆ ಗಂಡನ ಮರ್ಯಾದೆ ಹೋಗಬಾರದಲ್ಲ. ಅವರೂ ಆ ಪುಸ್ತಕವನ್ನು ನಂಬಿಬಿಟ್ಟರು ಕಣೋ. ಬರೆಯುತ್ತಿದ್ದವರು ಅವರೇ, ಬಿಡುತ್ತಿದ್ದವರೂ ಅವರೇ, ಆದರೂ ತಮ್ಮ ಬಿಪಿ ಚೆನ್ನಾಗಿದೆ ಅಂತ ನಿಜವಾಗಿಯೂ ನಂಬಿದರು. ನನಗೆ ಇವತ್ತಿಗೂ ಬಗೆಹರಿಯದ್ದು ಅದು.

ನಿನ್ನ ಮೇಲ್‌ನಲ್ಲೇ ಇದೆ ನೋಡು, "ಈ ತಿಂಗಳ ಸರಾಸರಿ ಸ್ಕೋರ್ 86, ಸುಧಾರಿಸಿದ್ದೀನಿ." ಶುಕ್ರವಾರ, ಶನಿವಾರ ಬಿಟ್ಟ ಸರಾಸರಿ ಅಲ್ವಾ ಅದು?

ನೀನು ಕಳಿಸಿದ್ದ ಫಿನ್ಲೆಂಡಿನ ಅಧ್ಯಯನ ನೆನಪಿದೆಯಾ? 2018ರದ್ದು, 4,098 ಜನ ಕೆಲಸಗಾರರು. ಅವರು ಕುಡಿದ ರಾತ್ರಿಯೂ ಎದೆಬಡಿತ ಅಳೆಯುವ ಮೆಷಿನ್ ಹಾಕಿಕೊಂಡು ಮಲಗಿದರು, ಕುಡಿಯದ ರಾತ್ರಿಯೂ ಮಲಗಿದರು. ಅದಕ್ಕೇ ಗೊತ್ತಾಗಿದ್ದು. ನಿದ್ದೆಯ ಮೊದಲ ಕೆಲವು ಗಂಟೆಗಳಲ್ಲಿ ದೇಹ ಚೇತರಿಸಿಕೊಳ್ಳುವುದು ಸ್ವಲ್ಪ ಕುಡಿದರೆ 9.3 ಪರ್ಸೆಂಟೇಜ್ ಪಾಯಿಂಟ್ ಇಳಿದಿತ್ತು, ಮಧ್ಯಮಕ್ಕೆ 24, ಜಾಸ್ತಿ ಕುಡಿದವರಲ್ಲಿ 39.2. ದಿನಾ ವ್ಯಾಯಾಮ ಮಾಡುವವರಿಗೂ ವಿನಾಯಿತಿ ಇರಲಿಲ್ಲ. ನೀನು ಬೆಳಗ್ಗೆ ಕಬ್ಬನ್ ಪಾರ್ಕಿನಲ್ಲಿ ಓಡುತ್ತೀಯ ಅಂತ ಇದನ್ನು ಹೇಳಿದೆ, ಬೇಜಾರು ಮಾಡಿಕೊಳ್ಳಬೇಡ. ಆ ಜನ ಕುಡಿದ ರಾತ್ರಿ ಬಿಚ್ಚಿಟ್ಟಿದ್ದರೆ ಈ ಅಂಕಿ ಎಲ್ಲಿಂದ ಬರುತ್ತಿತ್ತು?

ನಿನ್ನ ಕಡೆಯ ಮಾತೂ ಇದೆ, ಒಪ್ಪುತ್ತೇನೆ. ಬೆಳಗ್ಗೆ ಎದ್ದ ಕೂಡಲೇ ಒಂದು ಅಂಕಿ ಮುಖಕ್ಕೆ ಹಿಡಿದರೆ ಯಾರಿಗಾದರೂ ಕಿರಿಕಿರಿ. ಅಂಕಿ ಚೆನ್ನಾಗಿ ಬರಬೇಕು ಅನ್ನುವ ಚಿಂತೆಯಲ್ಲೇ ನಿದ್ದೆ ಕೆಡಿಸಿಕೊಂಡು ಬರುವವರ ಬಗ್ಗೆ ಅಮೆರಿಕದ ವೈದ್ಯರು 2017ರಲ್ಲೇ ಬರೆದಿದ್ದಾರೆ. ಗಾಢ ನಿದ್ದೆ ಇಷ್ಟು ನಿಮಿಷ, ಕನಸಿನ ನಿದ್ದೆ ಇಷ್ಟು ನಿಮಿಷ ಅಂತ ತೋರಿಸುತ್ತದಲ್ಲ, ಅದು ಅಂದಾಜು. ಸರಿಯಾಗಿ ನೋಡಬೇಕಾದರೆ ತಲೆಗೆ ವೈರ್ ಅಂಟಿಸಿ ಲ್ಯಾಬಿನಲ್ಲಿ ಮಲಗಿಸಬೇಕು. ಅದಕ್ಕೆಲ್ಲ ಕೊರಗಬೇಡ. ನಾಡಿ ಮಾತ್ರ ನೋಡು, ಅದನ್ನು ಅದು ಚೆನ್ನಾಗಿಯೇ ಎಣಿಸುತ್ತದೆ. ಅದೂ ಕಾಟ ಅನ್ನಿಸಿದರೆ ಏಳು ದಿನವೂ ತೆಗೆದಿಡು, ಡ್ರಾಯರಿಗೆ ಹಾಕು, ಮಾರಿಬಿಡು. ನನಗೇನೂ ಭಯ ಇಲ್ಲ. ಉಂಗುರ ಇಲ್ಲದೆ ನಮ್ಮ ಕಾಲದವರೆಲ್ಲ ಮಲಗಿದ್ದೇವೆ. ಕುಡಿದ ದಿನ ಮಾತ್ರ ತೆಗೆಯುವುದಿದೆಯಲ್ಲ, ಅದೇ ನನಗೆ ಆಗದ್ದು.

ಮತ್ತೆ ಅಲ್ಲಿಗೇ ಬಂದೆ. ವಯಸ್ಸಾದವಳು, ಹೇಳಿದ್ದನ್ನೇ ಹೇಳುತ್ತೇನೆ.

ಇನ್ನೊಂದು ಕೇಳಬೇಕು, ಕೋಪ ಮಾಡಿಕೊಳ್ಳಬೇಡ. ಕುಡಿಯದ ದಿನ ಕೈ ನಡುಗುತ್ತದಾ? ಬೆವರುತ್ತದಾ? ಕಾಲು ಮುರಿದುಕೊಂಡು ವಾರ್ಡಿಗೆ ಬಂದವರು ಎರಡು ದಿನ ಚೆನ್ನಾಗಿರುತ್ತಿದ್ದರು. ಮೂರನೇ ರಾತ್ರಿ ಹೊದಿಕೆಯನ್ನು ಬೆರಳಲ್ಲಿ ಕೀಳುತ್ತಾ, ಗೋಡೆಯ ಮೇಲೆ ಇಲ್ಲದ ಹುಳ ತೋರಿಸುತ್ತಿದ್ದರು. ದಿನಾ ಕುಡಿಯುತ್ತಿದ್ದುದನ್ನು ಯಾರೂ ಹೇಳಿರುತ್ತಿರಲಿಲ್ಲ, ಹೆಂಡತಿಯೂ ಹೇಳಿರುತ್ತಿರಲಿಲ್ಲ. ಆಸ್ಪತ್ರೆಯಲ್ಲಿ ಸಿಗದೆ ತಟ್ಟನೆ ನಿಂತಿದ್ದಕ್ಕೆ ಹಾಗಾಗುವುದು. ನೀನು ಆ ಮಟ್ಟಕ್ಕೆ ಹೋಗಿಲ್ಲ ಅಂತ ನಂಬಿದ್ದೇನೆ. ಆದರೆ ಬರೆಯದ ರಾತ್ರಿಗಳ ವಿಷಯ ನನಗೆ ಹೇಗೆ ಗೊತ್ತಾಗಬೇಕು? ನಡುಕ ಗಿಡುಕ ಇದ್ದರೆ ಹಟಕ್ಕೆ ಬಿದ್ದು ಒಂದೇ ದಿನಕ್ಕೆ ಬಿಡಬೇಡ, ಫಿಟ್ಸ್ ಬರಬಹುದು. ಡಾಕ್ಟರಿಗೆ ತೋರಿಸಿ, ಅವರು ಹೇಳಿದ ಹಾಗೆ ಬಿಡಬೇಕು. ನಿಮ್ಹಾನ್ಸ್ ನಿನ್ನ ಊರಲ್ಲೇ ಇದೆ, ಅಲ್ಲಿ ಇದಕ್ಕೇ ಒಂದು ವಿಭಾಗ ಇದೆ. ಅಷ್ಟು ದೂರ ಬೇಡ ಅನ್ನಿಸಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಫೋನ್ ಮಾಡಿದರೆ ಕನ್ನಡದಲ್ಲೇ ಮಾತಾಡುತ್ತಾರೆ. ಇದೆಲ್ಲ ನಿನಗೆ ಬೇಕಾಗಿಲ್ಲದೆಯೂ ಇರಬಹುದು. ನರ್ಸಮ್ಮನ ಬಾಯಿ, ಸುಮ್ನೆ ಇರಲ್ಲ.

ಮತ್ತೆ, ಕುಡಿದ ರಾತ್ರಿ ನಿದ್ದೆ ಮಾತ್ರೆ ಮುಟ್ಟಬೇಡ. ಎರಡೂ ಸೇರಿ ಉಸಿರಾಟವನ್ನೇ ನಿಧಾನ ಮಾಡುತ್ತವೆ. ಗೊರಕೆಯ ನಡುವೆ ನಿನ್ನ ಉಸಿರು ನಿಂತ ಹಾಗಾಗುತ್ತದಾ ಅಂತ ಅನುಷಾಳನ್ನು ಕೇಳು. ಹೌದು ಅಂದರೆ ಅದನ್ನೂ ತೋರಿಸಬೇಕು.

ಅವಳಿಗೆ ಹೇಳಬೇಡಿ ಅಂತ ಬರೆದಿದ್ದೀಯ. ನಾನು ಹೇಳಲ್ಲ. ನೀನು ಹೇಳಿದರೆ ಒಳ್ಳೆಯದು, ಆದರೆ ಅದು ನಿಮ್ಮಿಬ್ಬರ ಮಧ್ಯದ್ದು. ನಿನ್ನ ಮಾವ ಒಂದು ಸಲವಾದರೂ ತೋಳು ಕೊಟ್ಟು, "ಇವತ್ತು ಜಾಸ್ತಿ ಇರುತ್ತೆ, ಬರ್ಕೋ" ಅಂದಿದ್ದರೆ ನಾನು ಬೈಯುತ್ತಿರಲಿಲ್ಲವೇನೋ. ಬೈಯುತ್ತಾಳೆ ಅಂತ ಅವರಿಗೆ ಅನ್ನಿಸಿತ್ತೋ ಏನೋ. ಕೇಳಲೇ ಇಲ್ಲ.

ಒಂದು ಶುಕ್ರವಾರ, ಕುಡಿಯುವುದಾದರೆ ಕುಡಿ, ಆದರೆ ಅದನ್ನು ಬೆರಳಲ್ಲಿಟ್ಟುಕೊಂಡೇ ಮಲಗು. ಶನಿವಾರ ಬೆಳಗ್ಗೆ ನಾಡಿ ಎಷ್ಟು ಬಂತು ಅಂತ ನನಗೆ ವಾಟ್ಸಾಪ್ ಮಾಡು. ಬರೀ ಅಂಕಿ ಸಾಕು, ಎಷ್ಟು ಪೆಗ್ ಅಂತ ಬೇಡ. 54 ಬಂದರೂ ಕಳಿಸು, 80 ಬಂದರೂ ಕಳಿಸು. ನಾನು ತಿರುಗಿ ಏನೂ ಬರೆಯಲ್ಲ, ನೋಡಿದೆ ಅಂತ ಮಾತ್ರ ಹಾಕುತ್ತೇನೆ.

ಇಂತಿ,
ನಿನ್ನ ಅತ್ತೆ