ಭದ್ರಾವತಿಯ ತಗಡಿನ ಶೆಡ್ಡುಗಳನ್ನೂ ಉಳಿಸಿ

ಸಂಪಾದಕರೇ,

ಹಳೇ ಗುಡಿ ಬಿದ್ದರೆ ಊರೆಲ್ಲ ಮರುಗುತ್ತದೆ. ತಗಡಿನ ಶೆಡ್ಡು ಬಿಚ್ಚಿದರೆ ಮಾತ್ರ ಗುಜರಿ ಲೆಕ್ಕ, ಅಲ್ವಾ?

ಭದ್ರಾವತಿಯ ಕಬ್ಬಿಣದ ಕಾರ್ಖಾನೆಗೆ ಕೆಲಸ ಶುರುವಾಗಿದ್ದು 1918ರಲ್ಲಿ, ಮೈಸೂರು ಅರಸರ ಕಾಲದಲ್ಲಿ. ಕಬ್ಬಿಣ ಹರಿದಿದ್ದು 1923ರಲ್ಲಿ. ಹತ್ತಿರದಲ್ಲಿ ಕಲ್ಲಿದ್ದಲು ಇರಲಿಲ್ಲ. ಹಾಗಾಗಿ ಮಲೆನಾಡಿನ ಮರ ಸುಟ್ಟು, ಆ ಇದ್ದಿಲನ್ನೇ ಕುಲುಮೆಗೆ ಹಾಕುತ್ತಿದ್ದರು. ಅದಿರು ಕೆಮ್ಮಣ್ಣುಗುಂಡಿ ಬೆಟ್ಟದಿಂದ ಬರುತ್ತಿತ್ತು. (ಇದರಲ್ಲಿ ಕಾಡು ಎಷ್ಟು ಹೋಯಿತು ಎಂಬುದನ್ನೂ ಮರೆಯಬಾರದು.)

ಈಚೆಗೆ ನಮ್ಮ ಬೀದಿಯಲ್ಲಿ ಹಳೆಯ ತಗಡಿನ ಗೋದಾಮೊಂದನ್ನು ಬಿಚ್ಚಿದರು. ಅಲೆಅಲೆಯಾದ ಶೀಟುಗಳು, ಈಗಿನವಕ್ಕಿಂತ ದಪ್ಪ. ಒಂದರ ಒಳಮೈಯಲ್ಲಿ, ತುಕ್ಕಿನ ನಡುವೆ, ತಯಾರಕರ ಮುದ್ರೆ ಮಸುಕಾಗಿ ಕಾಣುತ್ತಿತ್ತು. ಓದೋಣವೆಂದು ಕನ್ನಡಕ ತರಲು ಮನೆಗೆ ಹೋದೆ. ಬರುವಷ್ಟರಲ್ಲಿ ಶೀಟು ಲಾರಿ ಹತ್ತಿತ್ತು.

ಎಲ್ಲವನ್ನೂ ಉಳಿಸಿ ಎಂದು ಸುಮ್ನೆ ಹಟ ಮಾಡುತ್ತಿಲ್ಲ. ಬಿಚ್ಚುವ ಮುಂಚೆ ಅಳತೆ, ಫೋಟೊ ತೆಗೆದಿಡಲಿ. ಒಂದು ಹಳೆ ಶೆಡ್ಡನ್ನಾದರೂ ಹಾಗೇ ಬಿಡಲಿ. ಕುಲುಮೆ ಮುಂದೆ ದುಡಿದ ಹಿರಿಯರು ಇನ್ನೂ ಊರಲ್ಲಿದ್ದಾರೆ, ಅವರನ್ನೇ ಕರೆದು ಕೇಳಿ ಬರೆದುಕೊಳ್ಳಲಿ.

— ಒಬ್ಬ ಓದುಗ, ಭದ್ರಾವತಿ