‘ನನಗೆ’ ಎಂದರೆ ಯಾವಾಗಲೂ ‘ಟು ಮಿ’ ಅಲ್ಲ

ಮಾನ್ಯ ಸಂಪಾದಕರೇ,

ಇಂಗ್ಲಿಷ್ ಕಲಿಸುವ ಅಂಕಣಗಳಲ್ಲೂ ಕೈಪಿಡಿಗಳಲ್ಲೂ ಪ್ರಿಪೊಸಿಷನ್‌ಗಳ ಪಟ್ಟಿ ಕೊಟ್ಟು, ಪಕ್ಕದಲ್ಲಿ ಕನ್ನಡದ ಒಂದೊಂದು ವಿಭಕ್ತಿ ಪ್ರತ್ಯಯ ಬರೆದುಬಿಡುವ ರೂಢಿ ಇದೆ. ‘ಟು’ ಎಂದರೆ ‘ಗೆ’, ‘ಇನ್’ ಎಂದರೆ ‘ಅಲ್ಲಿ’, ‘ಫ್ರಮ್’ ಎಂದರೆ ‘ಇಂದ’. ಬಾಯಿಪಾಠಕ್ಕೆ ಸಲೀಸು. ವಾಕ್ಯ ಕಟ್ಟಲು ಕುಳಿತಾಗ ಇದೇ ಪಟ್ಟಿ ಕೈಕೊಡುತ್ತದೆ. ‘ಕಷ್ಟ’ ಎಂಬ ಒಂದೇ ಮಾತನ್ನು ಇಂಗ್ಲಿಷಿನಲ್ಲಿ ಹೇಳಲು ಹೊರಟು ನೋಡಿ.

‘ನನಗೆ ಇದನ್ನು ಅರ್ಥ ಮಾಡಿಕೊಳ್ಳುವುದು ಕಷ್ಟ’ ಎನ್ನಬೇಕು. ಪಟ್ಟಿ ನಂಬಿದವರು ‘ಇಟ್ ಈಸ್ ಡಿಫಿಕಲ್ಟ್ ಟು ಮಿ’ ಎಂದು ಶುರುಮಾಡುತ್ತಾರೆ. ಇಲ್ಲಿ ಬೇಕಾದದ್ದು ‘ಫಾರ್’: ‘ಇಟ್ ಈಸ್ ಡಿಫಿಕಲ್ಟ್ ಫಾರ್ ಮಿ ಟು ಅಂಡರ್‌ಸ್ಟ್ಯಾಂಡ್ ದಿಸ್’. ಇನ್ನು ಕೆಲವರ ‘ಐ ಆಮ್ ಡಿಫಿಕಲ್ಟ್ ಟು ಅಂಡರ್‌ಸ್ಟ್ಯಾಂಡ್’ ಇನ್ನೂ ಅಪಾಯ, ಏಕೆಂದರೆ ವ್ಯಾಕರಣದ ಲೆಕ್ಕದಲ್ಲಿ ಅದು ಸರಿಯಾದ ವಾಕ್ಯ. ಕೇಳಿದವರು ‘ನನ್ನನ್ನು ಅರ್ಥ ಮಾಡಿಕೊಳ್ಳುವುದು ಕಷ್ಟ’ ಎಂದುಕೊಳ್ಳುತ್ತಾರೆ, ತಿದ್ದುವುದೂ ಇಲ್ಲ. ‘ಡಿಫಿಕಲ್ಟ್’ ಅಂಟಿಕೊಳ್ಳುವುದು ಕಷ್ಟ ಕೊಡುವುದಕ್ಕೆ, ಕಷ್ಟಪಡುವವರಿಗಲ್ಲ. ‘ಐ’ ಎಂದೇ ಶುರುಮಾಡಬೇಕೆಂದಿದ್ದರೆ ‘ಐ ಫೈಂಡ್ ಇಟ್ ಡಿಫಿಕಲ್ಟ್ ಟು’ ಎನ್ನಬೇಕು. ನಡುವಿನ ‘ಇಟ್’ಗೆ ಕನ್ನಡದಲ್ಲಿ ಜೋಡಿ ಪದವಿಲ್ಲದ ಕಾರಣ ಅದು ಉದುರಿಹೋಗುತ್ತದೆ, ಉದುರಿದರೆ ವಾಕ್ಯ ಕೆಟ್ಟಿತು.

ಅದೇ ‘ಇಟ್’ ಬೇಡದ ಕಡೆ ಬಂದು ಕೂರುವುದೂ ಉಂಟು. ‘ದಿಸ್ ಬುಕ್ ಈಸ್ ಡಿಫಿಕಲ್ಟ್ ಟು ರೀಡ್’ ಎಂದು ಅಲ್ಲಿಗೇ ನಿಲ್ಲಿಸಬೇಕು, ಕೊನೆಗೆ ‘ಇಟ್’ ಸೇರಿಸಬಾರದು. ಆದರೆ ‘ಹಿ ಈಸ್ ಡಿಫಿಕಲ್ಟ್ ಟು ವರ್ಕ್ ವಿತ್’ ಎಂಬಲ್ಲಿ ಕೊನೆಯ ‘ವಿತ್’ ಬಿಡುವಂತಿಲ್ಲ. ಬಿಟ್ಟರೆ ‘ಅವನ ಜೊತೆ’ ಎಂಬ ಅರ್ಥ ಎಲ್ಲಿಂದ ಬರಬೇಕು? ವಾಕ್ಯವನ್ನು ಪ್ರಿಪೊಸಿಷನ್ನಿನಿಂದ ಮುಗಿಸಬಾರದು ಎಂಬ ಹಳೆಯ ಕಟ್ಟುಪಾಡು ಇಲ್ಲಿ ನಡೆಯುವುದಿಲ್ಲ.

ಹೆಚ್ಚು ಎಡವುವುದು ‘ಡಿಫಿಕಲ್ಟಿ’ ಎಂಬ ನಾಮಪದದಲ್ಲಿ. ‘ಡಿಫಿಕಲ್ಟ್’ ಆದಮೇಲೆ ‘ಟು ರೀಡ್’ ಸರಿಯಾಯಿತಲ್ಲ ಎಂದು ‘ಐ ಹ್ಯಾವ್ ಡಿಫಿಕಲ್ಟಿ ಟು ರೀಡ್’ ಎನ್ನುತ್ತಾರೆ. ತಪ್ಪು. ಬೇಕಾದದ್ದು ‘ಡಿಫಿಕಲ್ಟಿ ಇನ್ ರೀಡಿಂಗ್’. ಪ್ರಿಪೊಸಿಷನ್ನಿನ ಬೆನ್ನಿಗೇ ಬರುವ ಕ್ರಿಯಾಪದಕ್ಕೆ ‘ಇಂಗ್’ ಹತ್ತಬೇಕು. ಈಗ ಈ ‘ಇನ್’ ಬಿಟ್ಟು ‘ಡಿಫಿಕಲ್ಟಿ ರೀಡಿಂಗ್’ ಎನ್ನುವುದೇ ಹೆಚ್ಚು. ‘ಇನ್’ ಹೋದರೂ ‘ಇಂಗ್’ ಉಳಿಯುತ್ತದೆ. ಮುಂದೆ ಬರುವುದು ಕ್ರಿಯೆಯಲ್ಲ, ವಸ್ತು ಎಂದಾದರೆ ‘ವಿತ್’: ‘ಡಿಫಿಕಲ್ಟಿ ವಿತ್ ಗ್ರಾಮರ್’. ‘ಟ್ರಬಲ್’, ‘ಎ ಹಾರ್ಡ್ ಟೈಮ್’ ಇವುಗಳ ನಂತರ ಸಾಮಾನ್ಯವಾಗಿ ನೇರವಾಗಿ ‘ಇಂಗ್’ ರೂಪ ಬರುತ್ತದೆ. ‘ಕಷ್ಟಪಟ್ಟು ನಡೆಯುತ್ತಾನೆ’ ಎನ್ನಲು ‘ವಾಕ್ಸ್ ವಿತ್ ಡಿಫಿಕಲ್ಟಿ’. ‘ಕಷ್ಟಪಟ್ಟು ದುಡಿಯುತ್ತಾನೆ’ ಎನ್ನಲು ‘ವರ್ಕ್ಸ್ ಹಾರ್ಡ್’. ಅದಕ್ಕೆ ‘ಲಿ’ ಸೇರಿಸಿ ಶಿಫಾರಸು ಪತ್ರದಲ್ಲಿ ‘ಹಿ ಹಾರ್ಡ್ಲಿ ವರ್ಕ್ಸ್’ ಎಂದು ಬರೆದರೆ ಪಾಪ, ಅವನಿಗೆ ಕೆಲಸ ಸಿಕ್ಕಿದ ಹಾಗೇ! ಅದರರ್ಥ ‘ದುಡಿಯುವುದೇ ಇಲ್ಲವೆನ್ನಬಹುದು’.

ಇನ್ನು ತೃತೀಯಾ ವಿಭಕ್ತಿಯ ‘ಇಂದ’. ಚಾಕುವಿನಿಂದ ಕತ್ತರಿಸಿದರೆ ‘ವಿತ್’, ಬಸ್ಸಿನಿಂದ ಇಳಿದರೆ ‘ಆಫ್’, ಜ್ವರದಿಂದ ನರಳಿದರೆ ‘ಫ್ರಮ್’. ಸೋಮವಾರದಿಂದ ಕಾಯುತ್ತಿದ್ದರೆ ‘ಸಿನ್ಸ್’, ಮೂರು ದಿನದಿಂದ ಕಾಯುತ್ತಿದ್ದರೆ ‘ಫಾರ್’. ‘ಸಿನ್ಸ್ ತ್ರೀ ಡೇಸ್’ ಎಂಬ ತಪ್ಪು ಹುಟ್ಟುವುದು ಕನ್ನಡದಲ್ಲಿ ಎರಡಕ್ಕೂ ಒಂದೇ ಪ್ರತ್ಯಯ ಇರುವುದರಿಂದ. ಕ್ಯಾಲೆಂಡರಿನಲ್ಲೋ ಗಡಿಯಾರದಲ್ಲೋ ಬೆರಳಿಟ್ಟು ತೋರಿಸುವ ಗಳಿಗೆಯಾದರೆ ‘ಸಿನ್ಸ್’, ಎಣಿಸುವ ಅವಧಿಯಾದರೆ ‘ಫಾರ್’. ಜೊತೆಗೆ ಕ್ರಿಯಾಪದವೂ ಬದಲಾಗುತ್ತದೆ: ‘ಐ ಆಮ್ ವೇಟಿಂಗ್’ ಅಲ್ಲ, ‘ಐ ಹ್ಯಾವ್ ಬೀನ್ ವೇಟಿಂಗ್’.

‘ಡಿಸ್ಕಸ್’ ಮುಂದೆ ‘ಅಬೌಟ್’ ಬೇಡ, ‘ಎಕ್ಸ್‌ಪ್ಲೇನ್’ ಮುಂದೆ ‘ಮಿ’ ಬರಬೇಕಾದರೆ ನಡುವೆ ‘ಟು’ ಬೇಕೇ ಬೇಕು. ಇವಕ್ಕೆ ತರ್ಕ ಹುಡುಕುವುದು ವ್ಯರ್ಥ. ‘ಲುಕ್ ಫಾರ್ವರ್ಡ್ ಟು’ ಎಂಬಲ್ಲಿಯ ‘ಟು’ ಮಾತ್ರ ಪರೀಕ್ಷೆಗೆ ಸಿಗುತ್ತದೆ. ಅದರ ಮುಂದೆ ‘ದ ಹಾಲಿಡೇಸ್’ ಇಟ್ಟುನೋಡಿ, ವಾಕ್ಯ ಕೂಡಿಬರುತ್ತದೆ. ಅಂದಮೇಲೆ ಅದು ‘ಟು ರೀಡ್’ನಲ್ಲಿ ಕ್ರಿಯಾಪದಕ್ಕೆ ಅಂಟಿದ ‘ಟು’ ಅಲ್ಲ, ಪ್ರಿಪೊಸಿಷನ್. ಹಾಗಾಗಿ ‘ಟು ಸೀ ಯು’ ಅಲ್ಲ, ‘ಟು ಸೀಯಿಂಗ್ ಯು’.

ಆದ್ದರಿಂದ ಪ್ರಿಪೊಸಿಷನ್ನಿಗೆ ಕನ್ನಡ ಅರ್ಥ ಕೊಡುವುದನ್ನು ಬಿಟ್ಟು, ಅದು ಯಾವ ಪದದ ಜೊತೆ ಬರುತ್ತದೆ, ನಂತರ ಯಾವ ರೂಪ ಬರುತ್ತದೆ ಎಂಬುದನ್ನು ಅಚ್ಚುಮಾಡಿ. ‘ಡಿಫಿಕಲ್ಟಿ’ಗೆ ಎರಡೇ ಸಾಲು ಸಾಕು: ‘ಇನ್’ ಇದ್ದರೂ ಇಲ್ಲದಿದ್ದರೂ ‘ಇಂಗ್’ ರೂಪ, ‘ವಿತ್’ ಆದರೆ ನಾಮಪದ. ಕೆಳಗೊಂದು ಪೂರ್ತಿ ವಾಕ್ಯ ಇರಲಿ.

ಇಂತಿ,
ಇಂಗ್ಲಿಷ್ ಅಧ್ಯಾಪಕ