ಪಟ್ಟಿಗೆ ಸೇರಿದ ಹೆಸರುಗಳು: ಗೆಳೆಯನಿಗೊಂದು ಪತ್ರ

ಪ್ರಿಯ ಗೆಳೆಯ,

ಕಳೆದ ಭಾನುವಾರ ಗಾಂಧಿಬಜಾರಿನಲ್ಲಿ ಕಾಫಿ ಕುಡಿಯುವಾಗ, ಚಪ್ಪಾಳೆ ತಟ್ಟುತ್ತ ಬಂದ ಇಬ್ಬರು ಹಿಜ್ರಾಗಳನ್ನು ಕಂಡು ‘ಇವರ ಹಕ್ಕಿನ ಮಾತೆಲ್ಲ ಹೊರದೇಶದ ಸರಕು’ ಎಂದೆಯಲ್ಲ, ಆ ಮಾತು ಇನ್ನೂ ನನ್ನನ್ನು ಕೊರೆಯುತ್ತಿದೆ.

ಹೊರದೇಶದಿಂದ ಬಂದ ಸರಕು ಯಾವುದೆಂಬುದಕ್ಕೆ ದಾಖಲೆಯಿದೆ. ಬ್ರಿಟಿಷ್ ಅಧಿಕಾರಿ ಮೆಕಾಲೆಯ ಕರಡಿನಿಂದ ರೂಪುಗೊಂಡ ದಂಡಸಂಹಿತೆಯಲ್ಲಿ, ‘ಪ್ರಕೃತಿಗೆ ವಿರುದ್ಧವಾದ’ ಸಂಭೋಗವನ್ನು ಅಪರಾಧವೆಂದ 377ನೇ ಕಲಮು 1860ರದು. ಅದಕ್ಕಿಂತ ಕ್ರೂರವಾದದ್ದು 1871ರ ಅಪರಾಧಿ ಬುಡಕಟ್ಟುಗಳ ಕಾಯ್ದೆ. ಹುಡುಗರನ್ನು ಅಪಹರಿಸುತ್ತಾರೆಂದೋ 377ರ ಅಪರಾಧ ಮಾಡುತ್ತಾರೆಂದೋ ಸಂಶಯ ಬಂದರೆ ಸಾಕು, ಹಿಜ್ರಾಗಳ ಹೆಸರು, ವಾಸಸ್ಥಳಗಳನ್ನು ಸರ್ಕಾರ ಪಟ್ಟಿಗೆ ಸೇರಿಸಬಹುದಿತ್ತು; ಪಟ್ಟಿಯಲ್ಲಿದ್ದವರು ಹೆಣ್ಣುಡುಗೆಯಲ್ಲಿ ಬೀದಿಗೆ ಬಂದರೆ ವಾರಂಟಿಲ್ಲದೆ ಬಂಧನ, ಎರಡು ವರ್ಷದವರೆಗೆ ಸೆರೆವಾಸ. ಅವರು ಉಯಿಲು ಬರೆಯುವಂತಿರಲಿಲ್ಲ, ದತ್ತು ತೆಗೆದುಕೊಳ್ಳುವಂತಿರಲಿಲ್ಲ. ಹಿಜ್ರಾಗಳಲ್ಲಿ ಗುರುವಿನಿಂದ ಚೇಲಾಗೆ, ಅಂದರೆ ಶಿಷ್ಯರಿಗೆ, ಸಾಗುವ ಮನೆತನದ ಬೇರಿಗೇ ಬಿದ್ದ ಕೊಡಲಿಯದು.

377ರಡಿ ಖೈರಾತಿ ಎಂಬವರ ಮೇಲೆ ನಡೆದ ಮೊಕದ್ದಮೆಯನ್ನು ನೋಡು. ಹೆಂಗಸರ ನಡುವೆ ಹೆಣ್ಣುಡುಗೆಯಲ್ಲಿ ಹಾಡುತ್ತಿದ್ದುದೇ ಬಂಧನಕ್ಕೆ ದಾರಿಯಾಯಿತು. ವೈದ್ಯರು ಮೈ ಪರೀಕ್ಷಿಸಿದರು, ಸೆಷನ್ಸ್ ನ್ಯಾಯಾಲಯ ಶಿಕ್ಷೆ ವಿಧಿಸಿತು. ಎಲ್ಲಿ, ಯಾವಾಗ, ಯಾರೊಡನೆ ಎಂಬ ಒಂದು ಪ್ರಶ್ನೆಗೂ ಪೊಲೀಸರ ಬಳಿ ಉತ್ತರವಿಲ್ಲದ ಕಾರಣ 1884ರಲ್ಲಿ ಅಲಹಾಬಾದ್ ಹೈಕೋರ್ಟು ಖೈರಾತಿಯನ್ನು ಬಿಡುಗಡೆ ಮಾಡಿತು. ಹಾಡಿದ್ದೊಂದೇ ಗೊತ್ತಿದ್ದ ಸಂಗತಿ.

ಇದೆಲ್ಲ ಉತ್ತರದ ಹಳೆಯ ಕಥೆಯೆನ್ನಬೇಡ. 2011ರಲ್ಲಿ ಕರ್ನಾಟಕ ಪೊಲೀಸ್ ಕಾಯ್ದೆಗೆ 36ಎ ಎಂಬ ಕಲಮನ್ನು ಸೇರಿಸಿದರು: ಅದೇ ಪಟ್ಟಿ, ಅದೇ ಸಂಶಯ, ಹೆಚ್ಚುಕಡಿಮೆ ಅದೇ ಪದಗಳು, ಲೆಕ್ಕ ಹಾಕಿದರೆ ಸರಿಯಾಗಿ 140 ವರ್ಷಗಳ ಬಳಿಕ. ಅದನ್ನು ಹೈಕೋರ್ಟಿನಲ್ಲಿ ಪ್ರಶ್ನಿಸಿದವರು ಇದೇ ಊರಿನ ಬೀದಿಗಳಲ್ಲಿ ಏಟು ತಿಂದ ಸಮುದಾಯದವರು. ಅವರ ಹಟದಿಂದಲೇ ಮುಂದೆ ಆ ಕಲಮಿನೊಳಗಿನ ಹಿಜ್ರಾ ಸಮುದಾಯದ ಉಲ್ಲೇಖ ಹೋಯಿತು. ಸವದತ್ತಿ ಯಲ್ಲಮ್ಮನ ಜೋಗಪ್ಪಗಳನ್ನೂ ಈ ಹೋರಾಟದ ಪೂರ್ವಿಕರೆಂದು ಕೆಲವರು ಕರೆಯುತ್ತಾರೆ. ದೇವಿಗೆ ಮುತ್ತು ಕಟ್ಟಿಸಿಕೊಂಡವರನ್ನು ಲೈಂಗಿಕ ಅಲ್ಪಸಂಖ್ಯಾತರನ್ನೆಲ್ಲ ಒಟ್ಟಾಗಿ ಕರೆಯುವ ‘ಕ್ವಿಯರ್’ ಎಂಬ ನಿನ್ನೆಮೊನ್ನೆಯ ಪದದೊಳಗೆ ತುರುಕುವುದು ನನಗಂತೂ ಸರಿಕಾಣದು. ಆದರೆ ಮೆಕಾಲೆಗಿಂತ ಮೊದಲು ಇಲ್ಲಿ ಇಂಥವರು ಇರಲೇ ಇಲ್ಲವೆನ್ನುವವರಿಗೆ ಆ ಗುಡ್ಡವನ್ನೊಮ್ಮೆ ತೋರಿಸಬೇಕು.

2008ರ ಜೂನ್ 29ರಂದು ಬೆಂಗಳೂರಿನಲ್ಲಿ ನಡೆದ ಲೈಂಗಿಕ ಅಲ್ಪಸಂಖ್ಯಾತರ ಮೊದಲ ಪ್ರೈಡ್ ನಡಿಗೆಯನ್ನು ರಸ್ತೆಯಂಚಿನಲ್ಲಿ ನಿಂತು ನೋಡಿದ್ದೆ. ಪರಸ್ಪರ ಒಪ್ಪಿಗೆಯುಳ್ಳ ವಯಸ್ಕರನ್ನು ಸುಪ್ರೀಂ ಕೋರ್ಟು 377ರಿಂದ ಹೊರಗಿಡಲು ಇನ್ನೂ ಹತ್ತು ವರ್ಷಗಳಿದ್ದವು. ರಟ್ಟಿನ ಮುಖವಾಡ ತೊಟ್ಟಿದ್ದ ಒಬ್ಬರು ಬೆವರು ಒರೆಸಲು ಅದನ್ನು ತುಸು ಎತ್ತಿದರು. ಕಿವಿಯ ಹಿಂದೆ ದಾರ ಒತ್ತಿದ ಕೆಂಪು ಗೆರೆಯಿತ್ತು. ನನ್ನನ್ನು ನೋಡಿ ನಕ್ಕರು. ಹೆಸರು ಕೇಳಬೇಕೆನಿಸಿತು, ಕೇಳಲಿಲ್ಲ.

ಇಂತಿ ನಿನ್ನ ಗೆಳೆಯ